ಬರಲಿರುವ ಕಂದನಿಗೆ ಅಂಗಿ, ಕುಲಾವಿ

ಚೊಚ್ಚಲ ಬಸುರಿಯಿರುವ ಮನೆಯಲ್ಲಿ ಉಣ್ಣೆಯ ಉಂಡೆ ಉರುಳತೊಡಗುವುದು ಸಹಜ. ಆದರೆ ಹೆಣೆಯುವ ಮುನ್ನ ನೀವಿರುವ ಊರಿನ ಹವೆಯನ್ನು ನೋಡಿರಿ. ದಿಲ್ಲಿಯ ಜನವರಿಗೆ ಸ್ವೆಟರು ಬೇಕು; ಮುಂಬಯಿ, ಚೆನ್ನೈಗಳ ಸೆಕೆಗೆ ಅಜ್ಜಿಯ ಹಳೆಯ ನೂಲಿನ ಸೀರೆಯೇ ಮೇಲು. ಒಗೆದೊಗೆದು ಮೆತ್ತಗಾದ ಆ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಹೊಲಿಯಿರಿ. ಅಂಗಿಯ ಮುಂಬದಿ ಪೂರ್ತಿ ತೆರೆಯುವಂತಿರಲಿ. ಗುಂಡಿಯ ಬದಲು ಪಕ್ಕದಲ್ಲಿ ಗಿಡ್ಡ ಕಸೆ ಸಾಕು. ಹೊಲಿಗೆಯ ಅಂಚು ಹೊರಮೈಗಿದ್ದರೆ ಎಳೆಯ ಚರ್ಮಕ್ಕೆ ಉಜ್ಜದು.

ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ದಾರ ಬೇಡ, ಕೊರಳಿಗೆ ಬಿಗಿದೀತು. ಡಾಕ್ಟರು ಹಾಕಿರೆಂದು ಹೇಳದ ಹೊರತು, ಮನೆಯೊಳಗೆ ಮಗು ಮಲಗಿದಾಗ ಅದನ್ನು ತೆಗೆದುಬಿಡಿರಿ: ಮೈ ಕಾವೇರಿದರೂ, ಮುಖಕ್ಕೆ ಜಾರಿದರೂ ಅಪಾಯವೇ. ಅಕ್ಕರೆಯ ಕೌದಿಯನ್ನು ಮಲಗಿದ ಕೂಸಿಗೆ ಹೊದಿಸದೆ, ಎಚ್ಚರವಿದ್ದಾಗ ಆಡಲು ನೆಲಕ್ಕೆ ಹಾಸಿರಿ. ಮೊದಲ ಅಳತೆಯವು ನಾಲ್ಕೈದು ಅಂಗಿ ಸಾಕು. ಕೂಸು ಬೇಗ ಬೆಳೆಯುತ್ತದೆ. ಉಳಿದ ಬಟ್ಟೆಗೆ ಮುಂದಿನ ಅಳತೆ ಹಿಡಿಯಿರಿ.