ತುರ್ತು ಎಂಬ ನೆಪ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಎರಡನೇ ಮಹಡಿಯ ಬಾಲ್ಕನಿಯ ಅಡಿಭಾಗ ಕಳಚಿ ಬಿದ್ದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಯಾರಿಗೂ ಪೆಟ್ಟಾಗಲಿಲ್ಲ. ಆ ಭಾನುವಾರವೇ ಸೊಸೈಟಿಯ ತುರ್ತು ಸಭೆ. ಮೇಜಿನ ಮೇಲೆ ಮೂರು ಕೊಟೇಶನ್. ಇಪ್ಪತ್ತು ನಿಮಿಷದಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೆ ಕೈ ಎತ್ತಿದೆವು. ಎತ್ತಿದ ಕೈಗಳಲ್ಲಿ ನನ್ನದೂ ಒಂದು. ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ಲೈಸೆನ್ಸಿಗೆ ಮೂರು ಸುತ್ತು ಮಾತುಕತೆ ನಡೆಸುವ ನಾನು, ಹೆಂಡತಿ ಮಕ್ಕಳು ಮಲಗುವ ಸೂರಿನ ವಿಷಯದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ತಲೆಗೆಷ್ಟು ಬೀಳುತ್ತೆ?"

ಗುತ್ತಿಗೆದಾರ ಬಂದ, ಗಾರೆ ಮೆತ್ತಿದ, ಬಣ್ಣ ಬಳಿದ, ಹೋದ. ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಬಿತ್ತು. ತುಕ್ಕು ಹಿಡಿದ ಕಂಬಿಯನ್ನು ಉಜ್ಜದೆ ಮೇಲೆ ಸಿಮೆಂಟ್ ಸವರಿದ್ದು ಆಗ ಕಂಡಿತು. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಹೊರಗಿನ ಗಾರೆ ಅದನ್ನು ಮುಚ್ಚಿಡುತ್ತದೆ, ತಡೆಯುವುದಿಲ್ಲ. ಆದರೆ ನಾನು ಬೈಯಬೇಕಾದ್ದು ಅವನನ್ನಲ್ಲ. ನಾವು ಕೊಳ್ಳಲು ಹೋದದ್ದೇ ಮುಚ್ಚಿಡುವ ಕೆಲಸವನ್ನು, ಅವನು ಅದನ್ನೇ ಮಾರಿದ.

ಈ ಊರುಗಳಲ್ಲಿ ಕಟ್ಟಡ ಬಿದ್ದಾಗಲೆಲ್ಲ "ಹಠಾತ್ತನೆ" ಎಂಬ ಪದ ಕೇಳುತ್ತೇವೆ. 2015ರ ಜುಲೈ ಕೊನೆಯಲ್ಲಿ ಠಾಕುರ್ಲಿಯ ಮಾತೃಕೃಪಾ ಕುಸಿದು 9 ಜನ ಸತ್ತರು. ಅದಾಗಿ ಒಂದು ವಾರಕ್ಕೆ, ಆಗಸ್ಟ್ 4ರಂದು, ಠಾಣೆಯ ನೌಪಾಡಾದಲ್ಲಿ ಕೃಷ್ಣ ನಿವಾಸ ಬಿದ್ದು 12 ಜನ. 2022ರ ಜೂನ್‌ನಲ್ಲಿ ನೆರೂಳಿನ ಜಿಮ್ಮಿ ಪಾರ್ಕ್‌ನಲ್ಲಿ ಸ್ಲ್ಯಾಬ್‌ಗಳು ಮಹಡಿಯಿಂದ ಮಹಡಿಗೆ ಒಂದರ ಮೇಲೊಂದು ಬಿದ್ದವು. 2025ರ ಮೇ 20ರಂದು ಕಲ್ಯಾಣ ಪೂರ್ವದ ಸಪ್ತಶೃಂಗಿಯಲ್ಲಿ ನಾಲ್ಕನೇ ಮಹಡಿಯ ಒಂದು ಮನೆಗೆ ಟೈಲ್ಸ್ ಹಾಕುತ್ತಿದ್ದಾಗ ಸ್ಲ್ಯಾಬ್ ಕುಸಿದು 6 ಜನ ಸತ್ತರು. ಸಣ್ಣ ರಿಪೇರಿ ಎಂದುಕೊಂಡದ್ದೇ ಸಾವು ತಂದಿತು.

ಹಠಾತ್ತೇನಲ್ಲ. ಮಹಾರಾಷ್ಟ್ರದ ಮಹಾನಗರಪಾಲಿಕೆ ಕಾಯ್ದೆಯ 265ಎ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರ್‌ನಿಂದ ತಪಾಸಣೆ ಮಾಡಿಸಲೇಬೇಕು. ಸೊಸೈಟಿಗಳ ಮಾದರಿ ಉಪವಿಧಿ ಇನ್ನೂ ಮುಂದೆ ಹೋಗುತ್ತದೆ: 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಆಡಿಟ್. ಪಾಲಿಕೆಗಳು ಪ್ರತಿ ಮಳೆಗಾಲಕ್ಕೆ ಮೊದಲು ಪಟ್ಟಿ ಹೊರಡಿಸುತ್ತವೆ. ಸಿ1 ಎಂದರೆ ಖಾಲಿ ಮಾಡಿ ಕೆಡವಬೇಕು, ಸಿ2ಎ ಎಂದರೆ ಖಾಲಿ ಮಾಡಿ ರಿಪೇರಿ, ಸಿ2ಬಿ ಎಂದರೆ ಇದ್ದುಕೊಂಡೇ ರಿಪೇರಿ, ಸಿ3 ಎಂದರೆ ಸಣ್ಣಪುಟ್ಟ ಕೆಲಸ. ಇಷ್ಟೆಲ್ಲ ಇದ್ದೂ ಹತ್ತು ವರ್ಷ ಸುಮ್ಮನಿದ್ದು, ಹನ್ನೊಂದನೇ ವರ್ಷ "ತುರ್ತು" ಎನ್ನುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅದೂ ಅಗ್ಗದ ಬಾವಿ!

ನಮ್ಮ ವೃತ್ತಿಯವರಿಗೆ ಇದು ಗೊತ್ತಿರಬೇಕಿತ್ತು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಮೊದಲು ಅದನ್ನು ಹೇಗಾದರೂ ನಿಲ್ಲಿಸುತ್ತೇವೆ, ಆ ಕರೆಯಲ್ಲೇ ಹೊಸ ವೆಂಡರ್ ಜೊತೆ ವರ್ಷದ ಕರಾರಿಗೆ ಸಹಿ ಹಾಕುವುದಿಲ್ಲ. ಕಟ್ಟಡದಲ್ಲೂ ಇವು ಎರಡು ಬೇರೆ ಕೆಲಸ. ತುರ್ತಾಗಿ ಆಗಬೇಕಾದ್ದು ಇಂಜಿನಿಯರ್ ತೋರಿಸಿದ ಕಡೆ ಕಬ್ಬಿಣದ ಆಸರೆಕಂಬ ಕೊಡುವುದು, ಅವರು ಹೇಳಿದ ಮನೆ ಖಾಲಿ ಮಾಡುವುದು. ಇಡೀ ಕಟ್ಟಡ ಖಾಲಿ ಮಾಡಿ ಎಂದರೆ ಅದನ್ನೂ. ಜನ ಅಪಾಯದಿಂದ ಹೊರಗಿದ್ದರೆ ಗುತ್ತಿಗೆದಾರನನ್ನು ಆರಿಸಲು ಸಮಯ ಸಿಗುತ್ತದೆ.

ಆ ಸಮಯದಲ್ಲಿ ಕೇಳಬೇಕಾದ್ದು ಹೆಚ್ಚೇನಿಲ್ಲ. ಸುತ್ತಿಗೆ ಪರೀಕ್ಷೆ, ಅಲ್ಟ್ರಾಸೋನಿಕ್ ಪರೀಕ್ಷೆಗಳ ವರದಿ ಎಲ್ಲಿ? ಮೂವರೂ ಅದೇ ಅಳತೆ ಪಟ್ಟಿಗೆ ದರ ಕೊಟ್ಟಿದ್ದಾರೆಯೇ? ಇಲ್ಲದಿದ್ದರೆ ನಾವು ಹೋಲಿಸುತ್ತಿರುವುದು ಮಾವು, ಹಲಸು, ಹುಣಸೆಯನ್ನು. ಸಡಿಲ ಕಾಂಕ್ರೀಟ್ ಒಡೆದು ಕಂಬಿ ಉಜ್ಜಿದ ಮೇಲೆ, ಮುಚ್ಚುವ ಮೊದಲು, ನೋಡಿ ಸಹಿ ಹಾಕುವವರು ಯಾರು? ಬಿಲ್ಲಿನ ಒಂದು ಪಾಲು ಎಷ್ಟು ದಿನ ನಮ್ಮ ಕೈಯಲ್ಲಿ ಉಳಿಯುತ್ತದೆ? ಸಲಹೆ ಕೊಡುವ ಇಂಜಿನಿಯರ್‌ಗೆ ರಿಪೇರಿ ಬಿಲ್ಲಿನ ಶೇಕಡಾವಾರು ಫೀ ಕೊಟ್ಟು, ಗುತ್ತಿಗೆದಾರನನ್ನೂ ಅವರೇ ತರಲಿ ಎನ್ನುವುದು ಬೆಕ್ಕಿಗೆ ಹಾಲು ಕಾಯಲು ಹೇಳಿದಂತೆ.

"ನಿವೃತ್ತರಿದ್ದಾರೆ, ದುಡ್ಡೆಲ್ಲಿ?" ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಪಿಂಚಣಿಯೂ ಇಲ್ಲದ ಹಿರಿಯರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಆದರೆ ವರ್ಷಕ್ಕೆ ಕಟ್ಟಡದ ವೆಚ್ಚದ ಶೇ. 0.25 ಸಿಂಕಿಂಗ್ ಫಂಡ್, ಶೇ. 0.75 ರಿಪೇರಿ ನಿಧಿ ಎಂದು ಉಪವಿಧಿ ಹೇಳುವುದು ಅವರಿಗಾಗಿಯೇ. ಅದನ್ನು ತಪ್ಪದೆ ಕೂಡಿಸಿದ್ದರೆ ಅವರ ಮುಂದೆ ಒಮ್ಮೆಲೇ ಲಕ್ಷದ ಲೆಕ್ಕ ಇಡಬೇಕಾಗುತ್ತಿರಲಿಲ್ಲ. ಅಗ್ಗದ ರಿಪೇರಿಗೆ ಎರಡು ಸಲ ದುಡ್ಡು ತೆತ್ತವರೂ ಅವರೇ.

ಊರಿನಿಂದ ಬಂದು 11 ತಿಂಗಳ ಕರಾರಿನಲ್ಲಿ ಬಾಡಿಗೆಗಿರುವ ಗೆಳೆಯರೇ, ಸೊಸೈಟಿಯಲ್ಲಿ ನಿಮಗೆ ಮತವಿಲ್ಲ. ಮಾಲೀಕರು ಪುಣೆಯಲ್ಲೋ ದುಬೈಯಲ್ಲೋ ಇರುತ್ತಾರೆ, ಸ್ಲ್ಯಾಬ್ ಕೆಳಗೆ ಮಲಗುವವರು ನೀವು. ಹಾಗಾಗಿ ಡಿಪಾಸಿಟ್ ಎಷ್ಟು, ಸ್ಟೇಷನ್ ಎಷ್ಟು ದೂರ ಎಂದು ಕೇಳುವಾಗ ಕಟ್ಟಡದ ಆಡಿಟ್ ಯಾವಾಗ ಆಯಿತು ಎಂದೂ ಕೇಳಿ. ಪಾಲಿಕೆಯ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ.

ಮನೆ ಇರುವವರಿಗೆ ಒಂದೇ ಮಾತು. ಗುತ್ತಿಗೆದಾರನನ್ನು ಹುಡುಕುವ ಕಾಲ ಜೂನ್ ಅಲ್ಲ, ದೀಪಾವಳಿ ಕಳೆದ ಮೇಲೆ. ಮುಂದಿನ ಸಭೆಯಲ್ಲಿ ನಾನು ಮತ್ತೆ ಕೈ ಎತ್ತುತ್ತೇನೆ, ಈ ಸಲ ಪ್ರಶ್ನೆ ಕೇಳಲು.