ಬೆಂಗಳೂರು–ಮಂಗಳೂರು: 300 ಕಿ.ಮೀ. ಹಾರಲು ಒಂದು ಗಂಟೆ ಏಕೆ?

ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು 23 ನಿಮಿಷದ ದಾರಿ. ಆದರೆ ಟಿಕೆಟ್‌ನಲ್ಲಿ ಸುಮಾರು ಒಂದು ಗಂಟೆ ಎಂದಿರುತ್ತದೆ. ಉಳಿದ ಸಮಯ ಎಲ್ಲಿ ಹೋಗುತ್ತದೆ?

ಭೂಮಿ ತಿರುಗುವುದರಿಂದ ವ್ಯತ್ಯಾಸವಾಗುತ್ತದೆಯೇ?

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆ ಎಂದು ಹಲವರು ನಂಬುತ್ತಾರೆ. ಇದು ತಪ್ಪು. ನಮ್ಮ ಭಾಗದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಈ ನಂಬಿಕೆ ನಿಜವಾಗಿದ್ದರೆ ಬೆಂಗಳೂರಿನಲ್ಲಿ ಮೇಲೆದ್ದ ಹೆಲಿಕಾಪ್ಟರ್ ಆಕಾಶದಲ್ಲಿ ಸುಮ್ಮನೆ ನಿಂತಿದ್ದರೂ 11–12 ನಿಮಿಷದಲ್ಲಿ ಮಂಗಳೂರು ಅದರ ಕೆಳಗೆ ಬರಬೇಕಿತ್ತು! ಹಾಗಾಗುವುದಿಲ್ಲ, ಏಕೆಂದರೆ ಗಾಳಿಯೂ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತಿವೆ. ಬೀಸುವ ಗಾಳಿಯಿಂದ ವ್ಯತ್ಯಾಸವಾಗುತ್ತದೆ ನಿಜ. ಇಷ್ಟು ಕಡಿಮೆ ದೂರದಲ್ಲಿ ಅದು ಸಾಮಾನ್ಯವಾಗಿ ಕೆಲವೇ ನಿಮಿಷ.

ಹಾಗಾದರೆ ನಿಜವಾದ ಕಾರಣವೇನು?

ಮೊದಲನೆಯದು, ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಷ್ಟೇ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ಹೋಗುವುದು, ಸರದಿಯಲ್ಲಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿದೆ.

ಎರಡನೆಯದು, ಈ ದಾರಿಯಲ್ಲಿ ಪೂರ್ಣ ವೇಗಕ್ಕೆ ಅವಕಾಶ ಕಡಿಮೆ. ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. 8 ಕಿ.ಮೀ. ಎತ್ತರದಲ್ಲಿದ್ದರೆ ಸುಮಾರು 150 ಕಿ.ಮೀ. ಮೊದಲೇ, ಅಂದರೆ ಅರ್ಧ ದಾರಿಯಲ್ಲೇ, ಇಳಿಯಲು ಆರಂಭಿಸಬೇಕು. ಮೊದಲರ್ಧದ ಬಹುಪಾಲು ಏರುವುದರಲ್ಲೇ ಕಳೆದಿರುತ್ತದೆ. ಜೊತೆಗೆ 3 ಕಿ.ಮೀ.ಗಿಂತ ಕೆಳಗೆ ವೇಗ ಸಾಮಾನ್ಯವಾಗಿ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ.

ಮೂರನೆಯದು, ದಾರಿ ನೇರವಲ್ಲ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಇಳಿಯುತ್ತದೆ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಪೂರ್ವದಿಂದ ಗಾಳಿ ಬೀಸುವಾಗ ಮಂಗಳೂರಿನ ವಿಮಾನವೂ ಪೂರ್ವಕ್ಕೇ ಏರಿ, ಆಮೇಲೆ ಪಶ್ಚಿಮಕ್ಕೆ ತಿರುಗಬೇಕು.

ತಡವಾದರೆ ಚಿಂತಿಸಬೇಕೇ?

ಮಳೆಗಾಲದಲ್ಲಿ ಮಂಗಳೂರಿನ ಹತ್ತಿರ ಬಂದ ವಿಮಾನ ಕೆಲವೊಮ್ಮೆ ಆಕಾಶದಲ್ಲೇ ಸುತ್ತು ಹಾಕುತ್ತದೆ, ಅಥವಾ ಇಳಿಯುತ್ತಿದ್ದದ್ದು ಮತ್ತೆ ಮೇಲೇರುತ್ತದೆ. ಪ್ರಯಾಣಿಕರಿಗೆ ಭಯವಾಗುವುದು ಸಹಜ. ಆದರೆ ಇದು ಪೈಲಟ್‌ಗಳು ಕಲಿತ ಸುರಕ್ಷತಾ ಕ್ರಮ. ದಾರಿಗೆ ಬೇಕಾದ ಇಂಧನದ ಜೊತೆಗೆ, ಬೇರೆ ನಿಲ್ದಾಣಕ್ಕೆ ಹೋಗಲು ಮತ್ತು ಕೊನೆಗೆ 30 ನಿಮಿಷ ಹಾರಲು ಬೇಕಾದ ಇಂಧನವನ್ನೂ ಜೆಟ್ ವಿಮಾನ ಹೊತ್ತಿರುತ್ತದೆ.

ಮಂಗಳೂರಿನ ರನ್‌ವೇ ಗುಡ್ಡದ ಮೇಲಿದೆ, ತುದಿಯಾಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಉರುಳಿ 158 ಜನ ತೀರಿಕೊಂಡರು. ಸಹ ಪೈಲಟ್ ಮತ್ತೆ ಮೇಲೇರಲು ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಸಲು ಮುಂದಾದದ್ದೇ ನೇರ ಕಾರಣ ಎಂದು ತನಿಖೆ ಹೇಳಿತು.

ಆದ್ದರಿಂದ ಮುಂದಿನ ವಿಮಾನ ಅಥವಾ ಬಸ್ಸಿಗೆ ಸಮಯ ಗೊತ್ತು ಮಾಡುವಾಗ ಕಿಲೋಮೀಟರ್ ಲೆಕ್ಕ ಹಾಕಬೇಡಿ. ಟಿಕೆಟ್‌ನಲ್ಲಿರುವ ಸಮಯವನ್ನೇ ನೋಡಿ, ಮಳೆಗಾಲದಲ್ಲಿ ಅದರ ಮೇಲೆ ಇನ್ನಷ್ಟು ಬಿಡುವು ಇಟ್ಟುಕೊಳ್ಳಿ.