ಸ್ವರಕ್ಷಣೆಯ ಕೋವಿ: '.32' ಎಂದರೆ ಒಂದೇ ಗುಂಡಲ್ಲ

ಸ್ವರಕ್ಷಣೆಗೆಂದು ಪರವಾನಗಿ ಪಡೆದವರ ಮುಂದೆ ಆಯ್ಕೆಗಳು ಹೆಚ್ಚಿಲ್ಲ. ಪೊಲೀಸರು, ಸೇನೆ ಬಳಸುವ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹಾಗಾಗಿ ಹಲವರು ಮೊರೆ ಹೋಗುವುದು ಸರ್ಕಾರಿ ಕಾರ್ಖಾನೆಯ .32 ಬೋರಿನ ರಿವಾಲ್ವರ್ ಇಲ್ಲವೇ ಪಿಸ್ತೂಲಿಗೆ. ಗೊಂದಲ ಹುಟ್ಟುವುದೂ ಇಲ್ಲೇ.

ಎರಡಕ್ಕೂ .32 ಎಂದೇ ಹೆಸರಿದ್ದರೂ ತೋಟಾ ಬೇರೆ ಬೇರೆ. ರಿವಾಲ್ವರಿನ ತೋಟಾದ ಕೋಶ ಸುಮಾರು 23 ಮಿ.ಮೀ. ಉದ್ದ, ಪಿಸ್ತೂಲಿನದು 17 ಮಿ.ಮೀ. ಮಾತ್ರ. ಉದ್ದದ್ದು ಪಿಸ್ತೂಲಿಗೆ ಹಿಡಿಸದು. ಗಿಡ್ಡದ್ದು ಕೆಲವು ರಿವಾಲ್ವರುಗಳೊಳಗೆ ಕೂತುಬಿಡುತ್ತದೆ. ನಿಜವಾದ ಅಪಾಯ ಅದೇ. ಅದು ಸಿಡಿದಾಗಿನ ಒತ್ತಡ ಹೆಚ್ಚು, ರಿವಾಲ್ವರನ್ನು ಆ ಒತ್ತಡಕ್ಕೆಂದು ರೂಪಿಸಿರುವುದಿಲ್ಲ.

2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ತಂದ 'ನಿರ್ಭೀಕ್' ರಿವಾಲ್ವರಿಗೂ ಬೇಕಾದದ್ದು ಉದ್ದದ ತೋಟಾವೇ. ಅರ್ಧ ಕಿಲೋ ತೂಕದ ಅದರ ಬೆಲೆ ಆಗ ಸುಮಾರು 1.22 ಲಕ್ಷ ರೂ. ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಅದು ಎಟುಕುವ ಮಾತಲ್ಲ.

2019ರ ಕಾನೂನು ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ತಪ್ಪು ಖರೀದಿಯನ್ನು ಇನ್ನೊಂದು ಕೊಂಡು ಸರಿಪಡಿಸುವುದೂ ಸುಲಭವಲ್ಲ.

ಗಡಿನಾಡಿನವರಿಗೆ ಮತ್ತೊಂದು ಎಚ್ಚರಿಕೆ. ಪರವಾನಗಿ ಕೇರಳಕ್ಕಷ್ಟೇ ಸೀಮಿತವಾಗಿದ್ದರೆ ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಆಯುಧ ಒಯ್ಯುವುದೇ ಅಪರಾಧವಾದೀತು.

ಪರವಾನಗಿ ಪುಸ್ತಕ, ಕೋವಿಯ ಮೇಲಿನ ಗುರುತು, ತೋಟಾ ಪೆಟ್ಟಿಗೆಯ ಬರಹ – ಈ ಮೂರೂ ತಾಳೆಯಾಗದೆ ಹಣ ಕೊಡದಿರುವುದೇ ಲೇಸು. ರಕ್ಷಣೆಗೆಂದು ತಂದದ್ದು ಕೈಯಲ್ಲೇ ಸಿಡಿದರೆ ದೂರುವುದು ಯಾರನ್ನು?